ಹ್ಯಾವ್‌ಲಾಕ್ ಇಲ್ಲದ ಅಂಡಮಾನ್: ಹಕ್ಕಿ ಪ್ರವಾಸ ಕಟ್ಟಿದ ನನ್ನ ಅನುಭವ

ಅಂಡಮಾನಿಗೆ ಹಕ್ಕಿ ನೋಡಲು ಹೊರಟವರು ಸಲಹೆ ಕೇಳಿದರೆ ಮೊದಲು ಅವರ ಪ್ಯಾಕೇಜಿನ ಹಾಳೆ ಇಸಿದುಕೊಂಡು ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್ ಮೂರು ದ್ವೀಪಗಳಿಗೂ ಗೀಟು ಹಾಕುತ್ತೇನೆ. ಬೀಚು, ಸ್ನಾರ್ಕೆಲಿಂಗ್ ಬೇಕಾದವರಿಗೆ ಆ ಜಾಗಗಳು ಚೆನ್ನಾಗಿಯೇ ಇವೆ. ಆದರೆ ದಿನದ ಅರ್ಧವನ್ನು ಹಡಗುಕಟ್ಟೆಯ ಕ್ಯೂನಲ್ಲಿ ಕಳೆದರೆ ಹಕ್ಕಿಗೆ ಉಳಿಯುವುದು ಮಧ್ಯಾಹ್ನದ ಉರಿಬಿಸಿಲು ಮಾತ್ರ. ಅಂಡಮಾನಿಗೇ ಸೀಮಿತವಾದ ಹಕ್ಕಿಗಳು, ವರ್ಗೀಕರಣದಲ್ಲಿ ಯಾರ ಲೆಕ್ಕ ಹಿಡಿಯುತ್ತೀರಿ ಅನ್ನುವುದರ ಮೇಲೆ, ಇಪ್ಪತ್ತರ ಆಸುಪಾಸು ಇವೆ. ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ದಕ್ಷಿಣ ಅಂಡಮಾನ್ ದ್ವೀಪದಲ್ಲೇ, ಪೋರ್ಟ್ ಬ್ಲೇರಿನಿಂದ ಗಾಡಿಯಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಸಿಗುತ್ತವೆ. ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು ಬಂದಿದೆ. ಡ್ರೈವರುಗಳ ಬಾಯಲ್ಲಿ ಇನ್ನೂ ಹಳೆಯದೇ ಇದೆ, ನಾನೂ ಅದನ್ನೇ ಬಳಸುತ್ತೇನೆ.

ನಾನು ಕಟ್ಟುವುದು ಸಣ್ಣ ಗುಂಪು, ಒಂದು ಇನ್ನೋವಾದಲ್ಲಿ ಹಿಡಿಸುವಷ್ಟು. ಹೆಚ್ಚಿನವರು ಮೈಸೂರು, ಶಿವಮೊಗ್ಗ ಕಡೆಯವರು, ಪರಿಚಯದವರು, ಪರಿಚಯದವರ ಪರಿಚಯದವರು. ಟ್ರಾವೆಲ್ ಏಜೆಂಟರ ಹತ್ತಿರ ಈ ಯೋಜನೆ ಹೇಳಿದಾಗ ಒಬ್ಬರು, ‘ಪೋರ್ಟ್ ಬ್ಲೇರಲ್ಲೇ ಐದು ರಾತ್ರಿ ಏನ್ ಮಾಡ್ತೀರಿ ಮೇಡಂ, ಸೆಲ್ಯುಲರ್ ಜೈಲು ಒಂದೇ ದಿನಕ್ಕೆ ಮುಗಿಯುತ್ತೆ’ ಅಂದರು. ಐದು ರಾತ್ರಿ ನನ್ನ ಮಟ್ಟಿಗೆ ಕನಿಷ್ಠ. ಗೂಬೆಗಳಿಗೇ ಎರಡು ಸಂಜೆ ಬೇಕು.

ಹೊರಡುವ ಮೊದಲು ಗುಂಪಿನವರಿಗೆ ಒಂದು ಮಾತು ಬಿಡಿಸಿ ಹೇಳಿಬಿಡುತ್ತೇನೆ: ಪಟ್ಟಿ ಉದ್ದ ಮಾಡುವ ಆಸೆ ಇದ್ದರೆ ದಾಂಡೇಲಿಗೋ ಗಣೇಶಗುಡಿಗೋ ಹೋಗಿ, ಖರ್ಚೂ ಕಡಿಮೆ. ದ್ವೀಪದಲ್ಲಿ ಹಕ್ಕಿಯ ಬಗೆಗಳು ಕಡಿಮೆಯೇ. ಸಮುದ್ರ ದಾಟಿ ಬಂದು ನೆಲೆ ನಿಂತವಷ್ಟೇ ಅಲ್ಲಿ ಇರುವುದು. ಮಲೆನಾಡಿಗೆ ಒಗ್ಗಿದ ಕಿವಿಗೆ ಇದು ಮೊದಲ ಬೆಳಗಿನಲ್ಲೇ ಗೊತ್ತಾಗುತ್ತದೆ. ನಮ್ಮ ಕಾಡಿನಲ್ಲಿ ಬಿಡುವಿಲ್ಲದೆ ಕೂಗುವ ಕುಟ್ರಹಕ್ಕಿ ಅಲ್ಲಿ ಇಲ್ಲವೇ ಇಲ್ಲ. ಹರಟೆಮಲ್ಲಗಳಿಲ್ಲ. ಮಂಗನ ಎಚ್ಚರಿಕೆಯ ಕೂಗೂ ಇಲ್ಲ, ಯಾಕೆಂದರೆ ಅಂಡಮಾನಿನ ಕಾಡಿನಲ್ಲಿ ಮಂಗವೇ ಇಲ್ಲ. ಮರಕುಟಿಗದಲ್ಲಿ ಎರಡೇ ಬಗೆ. ಆದರೆ ಇರುವ ಹಕ್ಕಿಗಳು ಸಾವಿರಾರು ವರ್ಷ ಒಂಟಿಯಾಗಿ ಉಳಿದು ತಮ್ಮದೇ ಬಣ್ಣ, ತಮ್ಮದೇ ದನಿ ಕಟ್ಟಿಕೊಂಡಿವೆ. ನಮ್ಮವರಿಗೆ ಅವನ್ನು ನೋಡುವುದು ಊರು ಬಿಟ್ಟುಹೋದ ದಾಯಾದಿಗಳ ಮನೆಗೆ ಹೋದ ಹಾಗೆ: ಮುಖದ ಕಳೆ ಗುರುತು ಸಿಗುತ್ತದೆ, ಉಡುಗೆ ಬೇರೆ. ನಮ್ಮ ಶಾಮದ ಹೊಟ್ಟೆ ಕಿತ್ತಳೆ, ಅಲ್ಲಿನದ್ದು ಬಿಳಿ. ನಮ್ಮ ಕೆಂಬೂತದ ಮೈ ಮಿರಿಮಿರಿ ಕಪ್ಪು, ಅಲ್ಲಿನದ್ದರ ತಲೆ ಮೈಯೆಲ್ಲ ಮಾಸಲು ಖಾಕಿ, ರೆಕ್ಕೆ ಮಾತ್ರ ಅದೇ ಇಟ್ಟಿಗೆಗೆಂಪು. ಕಿತ್ತಳೆ ತಲೆಯ ನೆಲಸಿಳ್ಳಾರಕ್ಕೆ ನಮ್ಮಲ್ಲಿ ಕೆನ್ನೆಯ ಮೇಲೆ ಎರಡು ಕಪ್ಪು ಪಟ್ಟೆ ಇರುತ್ತವೆ. ಅಂಡಮಾನಿನದ್ದಕ್ಕೆ ಪಟ್ಟೆಯೇ ಇಲ್ಲ, ಮುಖ ಖಾಲಿ. ಅದಕ್ಕೇ ಹೊಸಬರಿಗೆ ಹೇಳುತ್ತೇನೆ, ಅಂಡಮಾನಿಗೆ ಬರುವ ಮುಂಚೆ ಪಶ್ಚಿಮ ಘಟ್ಟದ ಹಕ್ಕಿಗಳನ್ನು ಒಂದು ಸುತ್ತು ಚೆನ್ನಾಗಿ ನೋಡಿಕೊಂಡು ಬನ್ನಿ, ಆಮೇಲೆ ಅಲ್ಲಿಯ ಮಜವೇ ಬೇರೆ.

ಇನ್ನು ಗಡಿಯಾರದ ವಿಷಯ. ಪೋರ್ಟ್ ಬ್ಲೇರ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಅಂದರೆ ಸೂರ್ಯ ಅಲ್ಲಿ ಒಂದು ಗಂಟೆ ಮುಂಚೆ ಹುಟ್ಟಿ ಒಂದು ಗಂಟೆ ಮುಂಚೆಯೇ ಮುಳುಗುತ್ತಾನೆ. ಫೆಬ್ರವರಿಯಲ್ಲಿ ಐದೂಕಾಲಿಗೆಲ್ಲ ಬೆಳಕು ಹರಿಯುತ್ತದೆ, ಎಂಟೂವರೆಗೆ ಕಾಡು ತೂಕಡಿಸಲು ಶುರು. ಹೋಟೆಲಿನ ಪುಕ್ಕಟೆ ತಿಂಡಿ ಏಳೂವರೆಗೆ. ಅದನ್ನು ನೆಚ್ಚಿಕೊಂಡರೆ ಹಕ್ಕಿ ನೋಡಿದ ಹಾಗೇ. ಬುಕ್ ಮಾಡುವಾಗಲೇ, ನಾಲ್ಕಕ್ಕೆ ಹೊರಡುತ್ತೇವೆ, ಬೇಯಿಸಿದ ಮೊಟ್ಟೆ, ಬ್ರೆಡ್ಡು, ಬಾಳೆಹಣ್ಣು ಕಟ್ಟಿಕೊಡಿ ಅಂತ ಮಾತಾಡಿಕೊಳ್ಳುತ್ತೇನೆ. ಒಪ್ಪದಿದ್ದರೆ ಬೇರೆ ಲಾಡ್ಜು. ಚಹಾದ ಫ್ಲಾಸ್ಕ್ ನನ್ನದೇ. ರೂಮಿನ ಅಂದಚಂದಕ್ಕಿಂತ ಡ್ರೈವರು ನಾಲ್ಕು ಗಂಟೆಗೆ ಗೇಟಿನ ಹತ್ತಿರ ನಿಂತಿರುತ್ತಾನೋ ಇಲ್ಲವೋ ಅನ್ನುವುದು ಮುಖ್ಯ. ನಮ್ಮ ಡ್ರೈವರು ತಮಿಳು ಮನೆಯ ಹುಡುಗ, ಅಲ್ಲೇ ಹುಟ್ಟಿ ಬೆಳೆದವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಹಿಂದಿ, ಅಂಗಡಿಯಲ್ಲಿ ಬಂಗಾಳಿ. ನನ್ನನ್ನು ಅಕ್ಕಾ ಅನ್ನುತ್ತಾನೆ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಎಂಜಿನ್ ಎಲ್ಲಿ ಆರಿಸಬೇಕು ಅನ್ನುವುದು ಚೆನ್ನಾಗಿ ಗೊತ್ತು.

ಮೊದಲ ಬೆಳಗನ್ನು ಚಿಡಿಯಾಟಾಪುವಿಗೆ ಇಡುತ್ತೇನೆ. ಊರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್, ದ್ವೀಪದ ತುದಿ. ರಸ್ತೆಯ ಒಂದು ಮಗ್ಗುಲಿಗೆ ಕಾಡು, ಇನ್ನೊಂದು ಮಗ್ಗುಲಿಗೆ ಮ್ಯಾಂಗ್ರೋವ್ ಮತ್ತು ಸಮುದ್ರ. ಪ್ರವಾಸಿಗಳು ಸಂಜೆ ಸೂರ್ಯಾಸ್ತಕ್ಕೆ ಬರುತ್ತಾರೆ, ಬೆಳಗ್ಗೆ ರಸ್ತೆ ನಮ್ಮದೇ. ಇಲ್ಲಿ ಒಳದಾರಿ ಹುಡುಕುವ ಗೋಜಿಗೆ ಹೋಗುವುದಿಲ್ಲ. ಡಾಂಬರು ರಸ್ತೆಯ ಮೇಲೇ ನಿಧಾನಕ್ಕೆ ನಡೆದು, ತಿರುವಿಗೊಮ್ಮೆ ನಿಲ್ಲುತ್ತೇವೆ.

ಅಂಡಮಾನ್ ಮರಕುಟಿಗ ನಮಗೆ ಸಿಕ್ಕಿದ್ದು ಹೀಗೆ ನಿಂತಾಗಲೇ. ನಮ್ಮ ಗುಂಪಿನ ನಿವೃತ್ತ ಗಣಿತದ ಮೇಷ್ಟ್ರ ಟೋಪಿಯ ಮೇಲೆ ಏನೋ ಉದುರಿತು. ತೆಗೆದು ನೋಡಿದರೆ ಮರದ ಚೆಕ್ಕೆ, ಕಿರುಬೆರಳಿನ ಉಗುರಿನಷ್ಟು, ಒಂದು ಮಗ್ಗುಲು ಹಸಿಯಾಗಿ ಹೊಳೆಯುತ್ತಿತ್ತು. ಹಿಂದೆಯೇ ಇನ್ನೊಂದು. ತಲೆ ಎತ್ತಿದರೆ ಒಣಗಿದ ಕೊಂಬೆಯ ಮೇಲೆ ಕಾಗೆಯಷ್ಟು ದೊಡ್ಡ ಅಚ್ಚ ಕಪ್ಪು ಹಕ್ಕಿ, ನೆತ್ತಿ ಪೂರ್ತಿ ಕೆಂಪು, ಕೊಕ್ಕಿನ ಬುಡದಿಂದ ಕೆನ್ನೆಗೂ ಒಂದು ಕೆಂಪು ಗೆರೆ: ಗಂಡು. ಹೆಣ್ಣಿಗೆ ಕೆಂಪು ನೆತ್ತಿಯ ಹಿಂಭಾಗದಲ್ಲಷ್ಟೇ. ಕುಟ್ಟುವುದರಲ್ಲೂ ಒಂದು ಕ್ರಮ ಇತ್ತು. ಎಡದಿಂದ ಓರೆಯಾಗಿ ಒಂದು ಪೆಟ್ಟು, ಬಲದಿಂದ ಓರೆಯಾಗಿ ಒಂದು, ಆಮೇಲೆ ಕೊಕ್ಕನ್ನು ಸಂದಿಗೆ ತೂರಿಸಿ ಮೀಟಿದರೆ ಚೆಕ್ಕೆ ಎದ್ದು ಬರುತ್ತಿತ್ತು. ಅದನ್ನು ಕೊಡವಿ ಹಾಕಿ, ತಲೆ ವಾರೆ ಮಾಡಿ ತೂತಿನೊಳಗೆ ಇಣುಕುತ್ತಿತ್ತು. ಆ ಕರಿಮುಖದಲ್ಲಿ ಕಣ್ಣೊಂದೇ ಬಿಳಿಚು. ಮೇಷ್ಟ್ರು ಬೈನಾಕ್ಯುಲರ್ ಇಳಿಸದೆ, ‘ನಮ್ಮ ದಾಂಡೇಲಿಯದ್ದೇ ಅಲ್ವೇನ್ರೀ ಇದು, ಹೊಟ್ಟೆ ಬಿಳಿ ಇಲ್ವಲ್ಲ?’ ಅಂದರು. ಸರಿಯಾಗಿ ಹಿಡಿದಿದ್ದರು. ದಾಂಡೇಲಿ, ಜೋಯಿಡಾ ಕಾಡಿನ ಬಿಳಿಹೊಟ್ಟೆಯ ಮರಕುಟಿಗ ಮತ್ತು ಇದು ಒಂದೇ ಕುಲದವು.

ದೊಡ್ಡ ಸತ್ತ ಮರ ನಿಂತಿರುವ ಕಡೆ ಈ ಹಕ್ಕಿ ಇರುತ್ತದೆ. ರಸ್ತೆ ಅಗಲ ಮಾಡುವಾಗ, ಪಾರ್ಕು ಚೊಕ್ಕಟ ಮಾಡುವಾಗ ಮೊದಲು ಉರುಳಿಸುವುದು ಇಂಥ ಮರಗಳನ್ನೇ. ಒಣಮರ ಕಂಡರೆ ಆಡಳಿತಕ್ಕೆ ಅದೇನು ಸಂಕಟವೋ.

ಮಟಪಕ್ಷಿಗೆ ಬೇರೆ ಉಪಾಯ. ಅಂಡಮಾನ್ ಮಟಪಕ್ಷಿ ನಾಚಿಕೆಯ ಹಕ್ಕಿ, ಮರದ ತುದಿಯಲ್ಲಿ ಸದ್ದಿಲ್ಲದೆ ದಾಟಿಹೋಗುತ್ತದೆ. ಆದರೆ ಅದು ಅಂಡಮಾನ್ ಕಾಜಾಣದ ಜೊತೆ ತಿರುಗುವುದು ಹೆಚ್ಚು. ಹಾಗಾಗಿ ನಾನು ಹುಡುಕುವುದು ಕಾಜಾಣವನ್ನು. ಕಾಜಾಣಗಳ ಗಲಾಟೆ ಕೇಳಿದರೆ ಐದು ನಿಮಿಷ ಎಲ್ಲರೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕು ಅನ್ನುವುದು ಗುಂಪಿನ ಕಟ್ಟಳೆ. ನಮ್ಮ ಘಟ್ಟದಲ್ಲಿ ಬಿಳಿಹೊಟ್ಟೆಯ ಮಟಪಕ್ಷಿ ಭೀಮರಾಜನ ಬೆನ್ನು ಹಿಡಿದು ಹೋಗುವುದನ್ನು ನೋಡಿದವರಿಗೆ ಈ ಉಪಾಯ ಹೊಸದಲ್ಲ. ಕಾಜಾಣದ ಹಿಂದೆ ಕೆಂಗಂದು ಹೊಟ್ಟೆ, ಬೂದು ತಲೆ, ಹಳದಿ ಕಣ್ಣಿನ ಹಕ್ಕಿಗಳು ಒಂದೊಂದಾಗಿ ದಾಟಿದರೆ ಅವೇ.

ಹಾವು ಹಿಡಿಯುವ ಗಿಡುಗ ಅಲ್ಲಿ ಎರಡು ಬಗೆ, ಗುಂಪಿನಲ್ಲಿ ಜಗಳ ಹುಟ್ಟುವುದು ಇಲ್ಲೇ. ಕಡಲಂಚು, ಮ್ಯಾಂಗ್ರೋವ್ ಕಡೆ ಕೂತಿರುವ, ಮೈಬಣ್ಣ ತಿಳಿಯಾದದ್ದು ನಮ್ಮಲ್ಲೂ ಇರುವ ಕ್ರೆಸ್ಟೆಡ್ ಸರ್ಪೆಂಟ್ ಈಗಲ್. ಒಳಗಿನ ಕಾಡಿನಲ್ಲಿ ಕಡುಕಂದು ಮೈಯ ಮೇಲೆ ಬಿಳಿ ಚುಕ್ಕೆ ಇಟ್ಟುಕೊಂಡಿರುವುದು ಅಂಡಮಾನ್ ಸರ್ಪೆಂಟ್ ಈಗಲ್. ದೂರದಿಂದ ಬೆಳಕಿಗೆ ಎದುರಾಗಿ ಕೂತಿದ್ದರೆ ನಾನು ತೀರ್ಪು ಕೊಡುವುದಿಲ್ಲ.

ಗೂಬೆಗಳ ಸಂಜೆಯೂ ಚಿಡಿಯಾಟಾಪು ರಸ್ತೆಯಲ್ಲೇ. ಸೂರ್ಯಾಸ್ತ ನೋಡಿದ ಕಾರುಗಳು ಮರಳಿ ಹೋಗುವವರೆಗೆ ಕಾಯಬೇಕು. ಆರು ಗಂಟೆಗೆ ಕತ್ತಲು ಗವ್ವೆನ್ನುತ್ತದೆ. ಬೀಟಿನ ಅರಣ್ಯ ಸಿಬ್ಬಂದಿಗೆ ಮೊದಲೇ ಹೇಳಿಟ್ಟಿರುತ್ತೇನೆ. ಕತ್ತಲಲ್ಲಿ ಟಾರ್ಚು ಹಿಡಿದು ತಿರುಗುವವರನ್ನು ಕಂಡರೆ ಅನುಮಾನ ಬರುವುದು ಸಹಜ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯುವ ಚಟಕ್ಕೆ ನಾನು ಕಡಿವಾಣ ಹಾಕಿದ್ದೇನೆ. ಮೊದಲ ಅರ್ಧ ಗಂಟೆ ಬರೀ ಕೇಳುವುದು. ಅದೇ ಎರಡು ಮೂರು ಮರಗಳಿಗೆ ಸೀಸನ್ ಪೂರ್ತಿ ಒಂದರ ಮೇಲೊಂದು ಗುಂಪು ಬಂದು ಸ್ಪೀಕರ್ ಹಾಕಿದರೆ, ಇರುವ ಜಾಗ ಕಾಯ್ದುಕೊಳ್ಳುವುದರಲ್ಲೇ ಗೂಬೆಯ ರಾತ್ರಿ ಕಳೆದುಹೋಗುತ್ತದೆ. ಟಾರ್ಚನ್ನೂ ಹಕ್ಕಿಯ ಮುಖಕ್ಕೆ ನೇರ ಹಿಡಿಯುವಂತಿಲ್ಲ, ಕೊಂಬೆಯ ಪಕ್ಕಕ್ಕೆ ಹಿಡಿದು ಚೆಲ್ಲುಬೆಳಕಿನಲ್ಲಿ ನೋಡಬೇಕು. ಫೋಟೋ ಗೀಳಿನವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಕೇಳುತ್ತ ನಿಂತರೆ ಬೇಕಾದಷ್ಟು ಸಿಗುತ್ತದೆ. ಹ್ಯೂಮ್ಸ್ ಹಾಕ್ ಔಲ್ ಮತ್ತು ಅಂಡಮಾನ್ ಹಾಕ್ ಔಲ್ ಒಂದೇ ರಸ್ತೆಯಲ್ಲಿ ಕೂಗುತ್ತವೆ. ಕಂಡಾಗ ಎದೆ ನೋಡಬೇಕು: ಹ್ಯೂಮ್ಸ್‌ದು ಗೆರೆಯಿಲ್ಲದ ಕಡುಕಂದು, ಅಂಡಮಾನಿನದ್ದಕ್ಕೆ ತಿಳಿ ಎದೆಯ ಮೇಲೆ ಕೆಂಗಂದು ಗೀರುಗಳು. ಹ್ಯೂಮ್ ಅಂದರೆ ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದ ಎ.ಒ. ಹ್ಯೂಮ್, 1873ರಲ್ಲಿ ಅವರು ಹಕ್ಕಿ ಹುಡುಕಿಕೊಂಡು ಈ ದ್ವೀಪಗಳನ್ನು ಸುತ್ತಿದ್ದರು. ಅಂಡಮಾನ್ ಸ್ಕಾಪ್ಸ್ ಔಲ್ ಗೇಣುದ್ದದ ಗೂಬೆ, ಹಳ್ಳಿಯ ಅಡಿಕೆ ತೋಟದ ಅಂಚಿಗೂ ಬರುತ್ತದೆ. ನತ್ತಿಂಗ ರಸ್ತೆಯಲ್ಲೇ ಕೂತು ಹೆಡ್‌ಲೈಟಿಗೆ ಕಣ್ಣು ಹೊಳೆಸುತ್ತದೆ. ಮಾಸ್ಕ್ಡ್ ಔಲ್ ಕಷ್ಟದ್ದು. ಅದಕ್ಕೆ ಕಾಡಿಗಿಂತ ಊರ ಹೊರಗಿನ ಬೀದಿದೀಪ, ಹಳೆ ಕಟ್ಟಡಗಳ ಸುತ್ತ ಇಲಿ ಓಡಾಡುವ ಕಡೆ ಕಣ್ಣಿಟ್ಟರೆ ಆಸೆ ಇದೆ, ಹೋಟೆಲಿಗೆ ಮರಳುವಾಗ ಡ್ರೈವರನ್ನು ನಿಧಾನ ಹೋಗಲು ಹೇಳುತ್ತೇನೆ.

ಹಗಲಿಗೆ ಒಂದು ಜಾಗ ಬೇಕೆಂದರೆ ಸಿಪ್ಪಿಘಾಟ್. 2004ರ ಡಿಸೆಂಬರ್ 26ರ ಭೂಕಂಪಕ್ಕೆ ದಕ್ಷಿಣ ಅಂಡಮಾನಿನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಉತ್ತರ ಅಂಡಮಾನಿನ ಕಡೆ ನೆಲ ಮೇಲೆದ್ದಿತು. ಸುನಾಮಿಯ ನೀರು ಇಳಿದ ಮೇಲೂ ಸಿಪ್ಪಿಘಾಟ್, ಓಗ್ರಾಬ್ರಾಜ್ ಕಡೆಯ ತಗ್ಗು ಗದ್ದೆಗಳಿಂದ ಸಮುದ್ರ ಹಿಂದೆ ಹೋಗಲೇ ಇಲ್ಲ, ಯಾಕೆಂದರೆ ಗದ್ದೆಗಳೇ ಕೆಳಗಿಳಿದಿದ್ದವು. ಭತ್ತ ಬೆಳೆಯುತ್ತಿದ್ದವರ ಬದುಕು ಮುಳುಗಿದ ಜಾಗಕ್ಕೆ ಹಕ್ಕಿಗಳು ಬಂದು ಸೇರಿದವು. ಅಂಡಮಾನ್ ಟೀಲ್, ಕಣ್ಣಿನ ಸುತ್ತ ಬಿಳಿ ಉಂಗುರ ಇರುವ ಕಂದು ಬಾತು, ಈಗ ಸುಲಭವಾಗಿ ಕಾಣುವುದು ಇಲ್ಲೇ. ಅದರ ಜೊತೆಗೆ ಚಳಿಗಾಲದ ಗೋಲ್ಡನ್ ಪ್ಲವರ್, ಸ್ಯಾಂಡ್‌ಪೈಪರ್‌ಗಳು, ಕೆಸರಿನಂಚಿನ ಬಿಟರ್ನ್‌ಗಳು. ಗದ್ದೆಯ ಬದುಗಳು ನೀರಿನಡಿ ಇನ್ನೂ ಗೆರೆಗೆರೆಯಾಗಿ ಕಾಣುತ್ತವೆ, ಬಾತುಗಳು ಅದೇ ಬದುಗಳ ಮೇಲೆ ಸಾಲಾಗಿ ಕೂರುತ್ತವೆ. ಅಲ್ಲಿ ಪ್ಲಾಸ್ಟಿಕ್ಕೂ ಸಾಕಷ್ಟಿದೆ.

ಮೌಂಟ್ ಹ್ಯಾರಿಯೆಟ್‌ಗೆ ಒಂದು ಪೂರ್ತಿ ದಿನ. ಚಾಥಮ್‌ನ ಹಳೆ ಸಾಮಿಲ್ಲಿನ ಪಕ್ಕದ ಕಟ್ಟೆಯಿಂದ ಬ್ಯಾಂಬೂ ಫ್ಲಾಟ್‌ಗೆ ಹೋಗುವ ಫೆರಿಯಲ್ಲಿ ಗಾಡಿಯನ್ನೂ ಹಾಕಿಕೊಂಡು ದಾಟಿದರೆ ಸುತ್ತು ರಸ್ತೆ ಪೂರಾ ಉಳಿಯುತ್ತದೆ. ಗೇಟು ತೆರೆಯುವ ಹೊತ್ತಿಗೂ ಹಕ್ಕಿಗಳ ಹೊತ್ತಿಗೂ ತಾಳಮೇಳ ಇಲ್ಲ, ಮುಂಚೆ ಒಳಗೆ ಬಿಡುವ ಬಗ್ಗೆ ಹಿಂದಿನ ದಿನವೇ ಕೇಳಿಕೊಳ್ಳಬೇಕು. ಬಿಡದಿದ್ದರೆ ಗೇಟಿನ ಕೆಳಗಿನ ರಸ್ತೆಯಲ್ಲೇ ನಡೆದರೂ ನಷ್ಟವಿಲ್ಲ. ಹಣ್ಣು ಬಿಟ್ಟ ಮರ ಸಿಕ್ಕರೆ ಅಲ್ಲೇ ಠಿಕಾಣಿ: ಅಂಡಮಾನ್ ಕಾಡುಪಾರಿವಾಳ, ಕುಕೂ ಡವ್, ಹಸಿರು ಪಾರಿವಾಳ ಎಲ್ಲ ಒಂದೇ ಮರಕ್ಕೆ ಬರುತ್ತವೆ. ಮಳೆ ಬಿದ್ದಿದ್ದರೆ ಉಂಬಳ ಇರುತ್ತವೆ, ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಹಳೆಯ ಇಪ್ಪತ್ತು ರೂಪಾಯಿ ನೋಟಿನ ಹಿಂದೆ ತೆಂಗಿನ ಮರ, ದೀಪಸ್ತಂಭ ಇತ್ತಲ್ಲ, ಆ ನೋಟ ಈ ಬೆಟ್ಟದ ಮೇಲಿಂದಲೇ. ಹ್ಯಾರಿಯೆಟ್ ಎಂಬಾಕೆ 1860ರ ದಶಕದಲ್ಲಿ ಇಲ್ಲಿನ ಕೈದಿಗಳ ವಸಾಹತಿನ ಮುಖ್ಯಾಧಿಕಾರಿಯಾಗಿದ್ದ ರಾಬರ್ಟ್ ಟೈಟ್ಲರ್‌ನ ಹೆಂಡತಿ. ನಮ್ಮನ್ನು ಆಟ ಆಡಿಸುವ ಮಟಪಕ್ಷಿಯನ್ನು 1863ರಲ್ಲಿ ಮೊದಲು ವಿವರಿಸಿದವನೂ ಅದೇ ಟೈಟ್ಲರ್. 1891ರ ಯುದ್ಧದ ನಂತರ ಇಲ್ಲಿಗೆ ಗಡೀಪಾರಾದ ಮಣಿಪುರದವರ ನೆನಪಿಗೆ 2021ರಲ್ಲಿ ಬೆಟ್ಟಕ್ಕೆ ಮೌಂಟ್ ಮಣಿಪುರ ಎಂದು ಹೆಸರಿಟ್ಟರು.

ಅದೇ ದಡದಲ್ಲಿ ಇನ್ನೂ ಉತ್ತರಕ್ಕೆ ಶೋಲ್ ಬೇ. ಹಳ್ಳ, ಮ್ಯಾಂಗ್ರೋವ್, ಸಣ್ಣ ಸೇತುವೆಗಳು. ಇದು ಮಿಂಚುಳ್ಳಿಗಳ ಜಾಗ. ಕೆಂಪು ಮಿಂಚುಳ್ಳಿ, ಇಡೀ ಮೈ ಕೆಂಗಂದು, ಮ್ಯಾಂಗ್ರೋವಿನ ನೆರಳಿನಲ್ಲಿ ಕೂತರೆ ಕಣ್ಣಿಗೆ ಬೀಳುವುದು ಕೊಕ್ಕು ಮೊದಲು. ಇಲ್ಲಿ ನಾನು ಸೇತುವೆ ಬಿಟ್ಟು ಕೆಳಗೆ ಯಾರನ್ನೂ ಇಳಿಸುವುದಿಲ್ಲ. ಅಂಡಮಾನಿನ ಉಪ್ಪುನೀರಿನ ಮೊಸಳೆ ಹುಡುಗಾಟದ ಪ್ರಾಣಿ ಅಲ್ಲ, ಎಚ್ಚರಿಕೆ ಫಲಕ ಇಲ್ಲದ ಹಳ್ಳದಲ್ಲೂ ಇದ್ದೀತು.

ಬಾರಾಟಾಂಗ್ ಯಾಕೆ ಬಿಟ್ಟಿರಿ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲಿಗೆ ಹೋಗುವ ಟ್ರಂಕ್ ರೋಡ್ ಜರಾವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ನಡುವೆ ಹಾಯುತ್ತದೆ. ಜಿರ್ಕಾಟಾಂಗ್ ಗೇಟಿನಲ್ಲಿ ಗಾಡಿಗಳನ್ನು ಸಾಲುಗಟ್ಟಿಸಿ ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಮೀಸಲಿನೊಳಗಿನ ಆ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಕಾರುಗಳು ಇವತ್ತಿಗೂ ಸಾಲುಗಟ್ಟುತ್ತಿವೆ. ಕಿಟಕಿಯಾಚೆ ‘ಜರಾವಾ ಕಾಣಿಸ್ತಾರಾ’ ಎಂದು ಇಣುಕುವ ಪ್ರವಾಸಿಗಳ ಸಾಲಿಗೆ ನನ್ನ ಗುಂಪನ್ನು ಸೇರಿಸುವುದಿಲ್ಲ. ಬಾರಾಟಾಂಗಿನ ಸುಣ್ಣದಕಲ್ಲಿನ ಗುಹೆ ನೋಡಬೇಕೆನ್ನುವವರು ಬೇರೆ ಪ್ರವಾಸ ನೋಡಿಕೊಳ್ಳಲಿ.

ನಾರ್ಕೊಂಡಮ್‌ನ ಮಂಗಟ್ಟೆ ತೋರಿಸಿ ಅನ್ನುವವರೂ ಇದ್ದಾರೆ. ಸುಮಾರು 7 ಚದರ ಕಿಲೋಮೀಟರಿನ ಒಂದೇ ದ್ವೀಪದಲ್ಲಿ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದೆ ಬದುಕಿರುವ ಹಕ್ಕಿ ಅದು. ವಿಶೇಷ ಅನುಮತಿ, ದೋಣಿ, ಸಮುದ್ರದ ಮರ್ಜಿ ಎಲ್ಲ ಒಟ್ಟಿಗೆ ಕೂಡಿಬರಬೇಕು. ಅಷ್ಟು ಸಣ್ಣ ದ್ವೀಪಕ್ಕೆ ಪ್ರವಾಸಿಗಳು ಸುಲಭವಾಗಿ ಹೋಗಲು ಆಗದಿರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ರೇಡಾರ್ ಕಟ್ಟುವ ಪ್ರಸ್ತಾವವನ್ನು 2012ರಲ್ಲಿ ಪರಿಸರ ಸಚಿವಾಲಯ ಈ ಹಕ್ಕಿಗಾಗಿಯೇ ತಳ್ಳಿಹಾಕಿತ್ತು, 2014ರಲ್ಲಿ ಅದಕ್ಕೇ ಒಪ್ಪಿಗೆ ಕೊಟ್ಟಿತು. ನಿಕೋಬಾರಿನ ಮೆಗಾಪೋಡ್ ಎಂಬ ಹಕ್ಕಿ ಇನ್ನೂ ದೂರದ ಮಾತು, ನಿಕೋಬಾರಿಗೆ ಹೋಗಲು ಭಾರತೀಯರಿಗೂ ಪಾಸ್ ಬೇಕು. ಗ್ರೇಟ್ ನಿಕೋಬಾರಿನಲ್ಲಿ ಬಂದರು, ಊರು ಕಟ್ಟಲು ಸುಮಾರು 130 ಚದರ ಕಿಲೋಮೀಟರ್ ಕಾಡು ಕೊಡುವ ಯೋಜನೆ ಒಪ್ಪಿಗೆ ಪಡೆದು ನಡೆಯುತ್ತಿದೆ. ಒಂದು ಕಾಲಕ್ಕೆ ಒಂದು ದ್ವೀಪದಲ್ಲಿ ಒಂದು ಹಕ್ಕಿಗಾಗಿ ನಿಂತಿದ್ದ ಸರ್ಕಾರ ಈಗ ಹೀಗೇಕೆ ಎಂದು ಸಂಜೆ ಚಹಾಕ್ಕೆ ಕೂತಾಗ ನಮ್ಮಲ್ಲಿ ಚರ್ಚೆ ಆಗುತ್ತದೆ, ಮೇಷ್ಟ್ರು ದನಿ ಏರಿಸುತ್ತಾರೆ.

ಸಣ್ಣಪುಟ್ಟ ವಿಷಯ: ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ, ಮೇ ಮಧ್ಯದಿಂದ ಮಳೆ. ಎಸಿ ರೂಮಿನಿಂದ ಹೊರಬಂದ ಕೂಡಲೇ ಲೆನ್ಸಿಗೆ ಮಂಜು ಕಟ್ಟುತ್ತದೆ, ಹಾಗಾಗಿ ಬೈನಾಕ್ಯುಲರನ್ನು ರಾತ್ರಿ ಬಾತ್‌ರೂಮಿನಲ್ಲೋ ಗಾಡಿಯಲ್ಲೋ ಇಡುವುದು. ಕಡಲಂಚಿನಲ್ಲಿ ಮರಳುನೊಣ ಕಚ್ಚಿದರೆ ವಾರಗಟ್ಟಲೆ ತುರಿಕೆ, ಉದ್ದ ಪ್ಯಾಂಟೇ ಕ್ಷೇಮ. ವಿಮಾನ ಬಿಟ್ಟರೆ ದೊಡ್ಡ ಖರ್ಚು ಗಾಡಿಯದ್ದು.

ಮರಳುವ ವಿಮಾನ ಮಾತ್ರ ಮಧ್ಯಾಹ್ನದ್ದೇ ಇರಲಿ. ಕೊನೆಯ ಬೆಳಗನ್ನು ನಾನು ಅಂಡಮಾನ್ ಕ್ರೇಕ್‌ಗೆ ಇಟ್ಟುಕೊಂಡಿರುತ್ತೇನೆ, ನಮ್ಮ ಹುಂಡುಕೋಳಿಯ ಬಳಗದ್ದು, ಮೈಯೆಲ್ಲ ಕೆಂಗಂದು, ಹೊಟ್ಟೆಯ ಮೇಲೆ ಕಪ್ಪು ಬಿಳಿ ಪಟ್ಟಿ, ಕೊಕ್ಕು ಹಸಿಹಸಿರು. ಕಾಡಂಚಿನ ಮೋರಿ, ತೊರೆ ಹತ್ತಿರ ನಸುಕಿನಲ್ಲಿ ಅಲುಗಾಡದೆ ಕೂರಬೇಕು. ಮೊನ್ನಿನ ಸಲ ಮೋರಿಯ ಒಂದು ಬಾಯಿಗೆ ನಾವು ಕಣ್ಣು ನೆಟ್ಟು ಕೂತಿದ್ದೆವು, ಹಕ್ಕಿ ಇನ್ನೊಂದು ಬಾಯಿಯಿಂದ ಹೊರಟು, ಗಾಡಿಗೆ ಒರಗಿ ನಿಂತಿದ್ದ ಡ್ರೈವರಿನ ಮುಂದೆಯೇ ರಸ್ತೆ ದಾಟಿತು. ಅವನು ಕೂಗಲಿಲ್ಲ, ಬರೀ ಕೈ ಎತ್ತಿದ. ಐದು ಜನ ತಿರುಗುವಷ್ಟರಲ್ಲಿ ಅದು ಆಚೆ ಬದಿಯ ಜರೀಗಿಡದ ಬುಡದಲ್ಲಿ ಎಲೆ ಕೆದಕುತ್ತ ನಿಂತಿತ್ತು, ಎಲ್ಲರಿಗೂ ಕಂಡಿತು. ವಿಮಾನ ಒಂದೂವರೆಗೆ ಇದ್ದದ್ದರಿಂದ ಹೋಟೆಲಿಗೆ ಮರಳಿ ಸ್ನಾನ ಮಾಡುವುದಕ್ಕೂ ಹೊತ್ತು ಸಿಕ್ಕಿತು.